ಹೆಸರಿಗೆ ತಕ್ಕ ನಡತೆ



ಚೀನಾ ದೇಶ ಎಂದೊಡನೆ ನಮಗೆ ನೆನಪಾಗುವವನು ಹ್ಯುಯೆನ್ ತ್ಸಾಂಗ್. ಏಳನೆಯ ಶತಮಾನದಲ್ಲಿ ಮರಳುಗಾಡು ದಾಟಿ, ಹಿಮದ ಬೆಟ್ಟ ಏರಿ ಇಳಿದು ಭಾರತಕ್ಕೆ ಬಂದ ಯಾತ್ರಿಕ ಆತ. ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದ. ಆ ಅರಸನ ಪರಾಕ್ರಮವನ್ನೂ ಅವನ ಪ್ರಜೆಗಳ ಸ್ವಾಭಿಮಾನವನ್ನೂ ಕಂಡು ಬರೆದಿಟ್ಟು ಹೋದ. ಅವನು ನಮ್ಮ ನಾಡನ್ನು ಕಣ್ಣಿಟ್ಟು ನೋಡಿದ. ಅವನ ನಾಡನ್ನು ನಾವು ಎಷ್ಟು ನೋಡಿದ್ದೇವೆ? ಹ್ಯುಯೆನ್ ತ್ಸಾಂಗ್ ಬೌದ್ಧ ಭಿಕ್ಷು, ನಿಜ. ಆದರೆ ಅವನು ಹುಟ್ಟಿ ಬೆಳೆದ ನಾಡಿನ ಅರಮನೆ, ಕಚೇರಿ, ಮನೆತನ ಇವೆಲ್ಲ ಒಂದು ಕಟ್ಟಿಗೆ ಬಂದದ್ದು ಅವನಿಗಿಂತ ಸಾವಿರ ವರ್ಷಕ್ಕೂ ಹಿಂದೆ ಬಾಳಿದ ಒಬ್ಬ ಶಿಕ್ಷಕನ ಮಾತಿನಿಂದ. ಆ ಶಿಕ್ಷಕನೇ ಕನ್‌ಫ್ಯೂಷಿಯಸ್. ಅವನ ವಿಚಾರವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಚೀನೀಯರು ಅವನನ್ನು ಕುಂಗ್ ಫು ತ್ಸು ಎನ್ನುತ್ತಾರೆ. ಅಂದರೆ ಕುಂಗ್ ಮನೆತನದ ಗುರು. ಯುರೋಪಿನ ಪಾದ್ರಿಗಳು ಅದನ್ನು ಲ್ಯಾಟಿನ್ ಭಾಷೆಗೆ ಒಗ್ಗಿಸಿ ಕನ್‌ಫ್ಯೂಷಿಯಸ್ ಎಂದು ಮಾಡಿದರು. ಹುಟ್ಟಿದ್ದು ಕ್ರಿ.ಪೂ. 551ರಲ್ಲಿ, ಲೂ ಎಂಬ ಸಣ್ಣ ರಾಜ್ಯದಲ್ಲಿ. ಅದು ಇಂದಿನ ಶಾಂಡೊಂಗ್ ಪ್ರಾಂತದ ಚೂಫು ಊರಿನ ಸೀಮೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡ. ತಾಯಿ ಬಡತನದಲ್ಲಿ ಸಾಕಿದಳು. ಬೆಳೆದ ಹುಡುಗ ಧಾನ್ಯದ ಉಗ್ರಾಣದ ಲೆಕ್ಕ ಬರೆದ, ದನಕರುಗಳ ಉಸ್ತುವಾರಿ ನೋಡಿದ. ಸಣ್ಣ ಕೆಲಸ ಎಂದು ನಾಚಲಿಲ್ಲ.

ಆಗಿನ ಕಾಲ ಹೇಗಿತ್ತು? ಚೌ ವಂಶದ ದೊರೆ ಹೆಸರಿಗೆ ಮಾತ್ರ ದೊರೆ. ಸಾಮಂತರೆಲ್ಲ ತಾವೇ ಅರಸರಾಗಿ ಬಡಿದಾಡುತ್ತಿದ್ದರು. ಮಗ ತಂದೆಯನ್ನು ಕೊಂದು ಪಟ್ಟವೇರುವುದು, ಮಂತ್ರಿ ದೊರೆಯನ್ನು ಓಡಿಸುವುದು ದಿನದ ಮಾತಾಗಿತ್ತು. ಇದನ್ನೆಲ್ಲ ಕಂಡ ಕನ್‌ಫ್ಯೂಷಿಯಸ್ ಒಂದೇ ಪ್ರಶ್ನೆ ಕೇಳಿಕೊಂಡ: ಮನುಷ್ಯರು ಕೂಡಿ ಬಾಳುವುದು ಹೇಗೆ? ಸತ್ತ ಮೇಲೆ ಏನು ಎಂಬುದನ್ನು ಅವನು ಹೆಚ್ಚು ಚರ್ಚಿಸಲಿಲ್ಲ. ಬದುಕನ್ನೇ ಇನ್ನೂ ಅರಿಯದವರು ಸಾವನ್ನು ಅರಿಯುವುದು ಹೇಗೆ ಎಂಬುದು ಅವನ ಧಾಟಿ.

ಒಮ್ಮೆ ಶಿಷ್ಯ ತ್ಸು ಲು ಅವನನ್ನು ಕೇಳಿದ: ಒಂದು ರಾಜ್ಯದ ಆಡಳಿತ ನಿಮ್ಮ ಕೈಗೆ ಬಂದರೆ ಮೊದಲು ಏನು ಮಾಡುತ್ತೀರಿ? ಶಿಷ್ಯ ಏನು ನಿರೀಕ್ಷಿಸಿದ್ದನೋ! ಸೈನ್ಯ ಕಟ್ಟುತ್ತೇನೆ, ಬೊಕ್ಕಸ ತುಂಬುತ್ತೇನೆ, ಕಳ್ಳರನ್ನು ಹಿಡಿಸುತ್ತೇನೆ ಎನ್ನಬಹುದೆಂದು ತಿಳಿದಿದ್ದ. ಗುರು ಮಾತ್ರ ಮೊದಲು ಹೆಸರುಗಳನ್ನು ಸರಿಪಡಿಸಬೇಕು ಎಂದ. ಶಿಷ್ಯನಿಗೆ ನಗು ಬಂತು. ಇದೆಂಥ ಸುತ್ತುದಾರಿ ಎಂದುಕೊಂಡ.

ನೀವೂ ವಿಚಾರ ಮಾಡಿ ನೋಡಿ. ಹೆಸರು ಸರಿಪಡಿಸುವುದು ಎಂದರೇನು? ದೊರೆ ಎಂಬ ಹೆಸರಿದೆ. ಆ ಹೆಸರಿನ ಹಿಂದೆ ಒಂದು ಹೊಣೆ ಇದೆ, ಪ್ರಜೆಗಳನ್ನು ಕಾಯುವ ಹೊಣೆ. ಕಾಯುವವನೇ ಸುಲಿದರೆ ದೊರೆ ಎಂಬ ಹೆಸರು ಸುಳ್ಳಾಯಿತು. ತಂದೆ ಎಂಬ ಹೆಸರಿದೆ, ಮಗ ಎಂಬ ಹೆಸರಿದೆ, ಗುರು ಎಂಬ ಹೆಸರಿದೆ. ಹೆಸರು ಉಳಿದು ಅದರೊಳಗಿನ ನಡತೆ ಹೋದರೆ ಏನಾಗುತ್ತದೆ? ಸಂತೆಯಲ್ಲಿ ಸುಳ್ಳು ತೂಕದ ಕಲ್ಲು ಇಟ್ಟಂತಾಗುತ್ತದೆ. ಕಲ್ಲಿನ ಮೇಲೆ ಸೇರು ಎಂದು ಬರೆದಿದೆ, ತೂಕ ಮುಕ್ಕಾಲು ಸೇರು. ಆಮೇಲೆ ಇಡೀ ಸಂತೆಯಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಚೀ ರಾಜ್ಯದ ದೊರೆಗೂ ಅವನು ಇದನ್ನೇ ಹೇಳಿದ: ದೊರೆ ದೊರೆಯಂತಿರಲಿ, ತಂದೆ ತಂದೆಯಂತಿರಲಿ. ಆ ದೊರೆಗೆ ಮಾತು ನಾಟಿತು. ಹಾಗಿಲ್ಲದಿದ್ದರೆ ಕಣಜದಲ್ಲಿ ಕಾಳಿದ್ದರೂ ನೆಮ್ಮದಿಯಿಂದ ಉಣ್ಣಲಾಗುವುದಿಲ್ಲ ಎಂದು ಒಪ್ಪಿಕೊಂಡ.

ಅವನು ಮಾಡಿದ ಇನ್ನೊಂದು ದೊಡ್ಡ ಕೆಲಸವೂ ಹೆಸರಿಗೆ ಸಂಬಂಧಿಸಿದ್ದೇ. ಚುನ್ ತ್ಸು ಎಂಬ ಮಾತು ಆಗ ಬಳಕೆಯಲ್ಲಿತ್ತು. ದೊರೆಯ ಮಗ, ಕುಲೀನ ಎಂದು ಅದರ ಅರ್ಥ. ಹುಟ್ಟಿನಿಂದ ಬರುವ ಹೆಸರು. ಕನ್‌ಫ್ಯೂಷಿಯಸ್ ಆ ಹೆಸರನ್ನು ತೆಗೆದುಕೊಂಡು ಅದರೊಳಗಿನ ಅರ್ಥವನ್ನೇ ಬದಲಿಸಿಬಿಟ್ಟ. ಯಾರಲ್ಲಿ ಮನುಷ್ಯಪ್ರೀತಿ ಇದೆಯೋ, ಯಾರ ನಡೆಯಲ್ಲಿ ಮರ್ಯಾದೆ ಇದೆಯೋ ಅವನೇ ಚುನ್ ತ್ಸು ಎಂದ. ಆ ಮನುಷ್ಯಪ್ರೀತಿಗೆ ರೆನ್ ಎಂದೂ, ಆ ಮರ್ಯಾದೆಗೆ ಲೀ ಎಂದೂ ಕರೆದ. ಅರಮನೆಯಲ್ಲಿ ಹುಟ್ಟಿದವನು ಚುನ್ ತ್ಸು ಆಗದೆ ಹೋಗಬಹುದು. ಓಣಿಯಲ್ಲಿ ಹುಟ್ಟಿದವನು ಆಗಬಹುದು.

ಆದವನೊಬ್ಬನಿದ್ದ. ಯೆನ್ ಹುಯಿ ಎಂಬ ಶಿಷ್ಯ. ಮುರುಕು ಓಣಿಯಲ್ಲಿ ಮನೆ. ಬಿದಿರಿನ ಬಟ್ಟಲಲ್ಲಿ ಹಿಡಿ ಅನ್ನ, ಸೋರೆಬುರುಡೆಯಲ್ಲಿ ನೀರು. ಬೇರೆಯವರು ಆ ಸಂಕಟ ತಾಳಲಾರರು. ಅವನ ಮುಖದ ಮೇಲಿನ ಸಂತೋಷ ಮಾತ್ರ ಮಾಸಲಿಲ್ಲ. ಗುರು ತನ್ನ ಶಿಷ್ಯರಲ್ಲೆಲ್ಲ ಅವನನ್ನೇ ಹೆಚ್ಚು ಮೆಚ್ಚಿದ. ಯೆನ್ ಹುಯಿ ಎಳೆಯ ವಯಸ್ಸಿನಲ್ಲೇ ತೀರಿಹೋದಾಗ, ಸದಾ ಮಿತವಾಗಿ ನಡೆಯುತ್ತಿದ್ದ ಆ ಗುರು ಮಿತಿ ಮೀರಿ ಅತ್ತ.

ಕನ್‌ಫ್ಯೂಷಿಯಸ್ ಬರೀ ಹೇಳಿದವನಲ್ಲ. ಲೂ ರಾಜ್ಯದಲ್ಲಿ ಕೆಲಕಾಲ ನ್ಯಾಯಾಡಳಿತದ ಹುದ್ದೆಯಲ್ಲಿದ್ದ. ಅವನ ಕುದುರೆ ಲಾಯಕ್ಕೆ ಒಮ್ಮೆ ಬೆಂಕಿ ಬಿತ್ತು. ಆ ಕಾಲದಲ್ಲಿ ಕುದುರೆ ಎಂದರೆ ದೊಡ್ಡ ಆಸ್ತಿ. ಅವನು ಮನೆಗೆ ಬಂದವನೇ ಆಳುಗಳಿಗೆ ಏನೂ ಆಗಲಿಲ್ಲವಷ್ಟೇ ಎಂದು ವಿಚಾರಿಸಿದ. ಕುದುರೆಗಳ ಸುದ್ದಿ ಎತ್ತಲಿಲ್ಲ. ನೋಡಿ, ಇದು ರೆನ್.

ಅವನ ಹೆಸರಿನಲ್ಲಿ ಬಂದ ಇನ್ನೊಂದು ಕಥೆ ಇದೆ. ತಾಯ್ ಪರ್ವತದ ಬದಿಯಲ್ಲಿ ಹೋಗುತ್ತಿದ್ದಾಗ ಒಬ್ಬ ಹೆಣ್ಣುಮಗಳು ಸಮಾಧಿಯ ಮುಂದೆ ಗೋಳಾಡುತ್ತಿದ್ದಳು. ಅವಳ ಮಾವನನ್ನು ಹುಲಿ ಕೊಂದಿತ್ತು, ಆಮೇಲೆ ಗಂಡನನ್ನು ಕೊಂದಿತ್ತು, ಈಗ ಮಗನೂ ಹುಲಿಗೆ ತುತ್ತಾಗಿದ್ದ. ಹಾಗಿದ್ದರೆ ಈ ಕಾಡು ಬಿಟ್ಟು ಊರಿಗೆ ಏಕೆ ಹೋಗಲಿಲ್ಲ ಎಂದು ಕೇಳಿದರೆ ಅವಳು ಹೇಳಿದ್ದಿಷ್ಟೇ: ಇಲ್ಲಿ ಸುಲಿಯುವ ಸರಕಾರ ಇಲ್ಲ. ತಾಯಂದಿರೆ, ಆ ತಾಯಿಯ ಸಂಕಟವನ್ನು ಯೋಚಿಸಿ. ಮೂರು ಹೆಣ ಕಂಡ ಮೇಲೂ ಅವಳಿಗೆ ಹುಲಿಯ ಭಯ ಕಡಿಮೆ, ಸುಂಕದವನ ಭಯ ಹೆಚ್ಚು. ಗುರು ತನ್ನ ಶಿಷ್ಯರನ್ನು ನಿಲ್ಲಿಸಿ ಇದನ್ನು ಮರೆಯಬೇಡಿ ಎಂದ.

ಅರಸರಿಗೆ ಇಂಥ ಮಾತು ಹಿಡಿಸಲಿಲ್ಲ. ಕ್ರಿ.ಪೂ. 497ರ ಹೊತ್ತಿಗೆ ಅವನು ತನ್ನ ನಾಡು ಬಿಟ್ಟ. ಸುಮಾರು ಹದಿಮೂರು ವರ್ಷ ರಾಜ್ಯದಿಂದ ರಾಜ್ಯಕ್ಕೆ ಅಲೆದ. ಹಸಿದ, ಕೊಲೆಯ ಬೆದರಿಕೆ ಕಂಡ. ಯಾವ ದೊರೆಯೂ ಅವನ ಮಾತನ್ನು ನಡೆಸಿಕೊಡಲಿಲ್ಲ. ಮುಪ್ಪಿನಲ್ಲಿ ಊರಿಗೆ ಮರಳಿ ಪಾಠ ಹೇಳುತ್ತ ಕ್ರಿ.ಪೂ. 479ರಲ್ಲಿ ಕಣ್ಮುಚ್ಚಿದ. ಹೊರಗಿನಿಂದ ನೋಡಿದರೆ ಅದು ಸೋತ ಬಾಳು. ಶಿಷ್ಯರೂ ಅವರ ಶಿಷ್ಯರೂ ಅವನ ಮಾತುಗಳನ್ನು ಕೂಡಿಸಿಟ್ಟರು. ಅದೇ ಲುನ್ ಯೂ ಎಂಬ ಇಪ್ಪತ್ತು ಅಧ್ಯಾಯಗಳ ಸಣ್ಣ ಪುಸ್ತಕ.

ಬೀಜ ನೆಲಕ್ಕೆ ಬಿದ್ದ ಕೂಡಲೆ ಮರವಾಗುವುದಿಲ್ಲ. ಮೊದಲು ಬಂದದ್ದು ಬೆಂಕಿ. ಕ್ರಿ.ಪೂ. 221ರಲ್ಲಿ ಚಿನ್ ರಾಜ್ಯದ ಶಿ ಹುವಾಂಗ್‌ತಿ ಇಡೀ ಚೀನಾವನ್ನು ಗೆದ್ದು ಮೊದಲ ಸಾಮ್ರಾಟನಾದ. ಜನ ಒಳ್ಳೆಯವರಾಗುವುದು ಕಲಿಕೆಯಿಂದಲ್ಲ, ಶಿಕ್ಷೆಯ ಭಯದಿಂದ ಎಂಬುದು ಅವನ ಮಂತ್ರಿಗಳ ಮತ. ಕ್ರಿ.ಪೂ. 213ರಲ್ಲಿ ಹಳೆಯ ಗ್ರಂಥಗಳನ್ನು ಸುಡಿಸಿದ. ಮೂಗು ಕೊಯ್ಯುವುದು, ಕಾಲು ಕಡಿಯುವುದು, ಬಿಟ್ಟಿ ದುಡಿಸುವುದು, ಎಲ್ಲವೂ ಇತ್ತು. ತನ್ನ ವಂಶ ಹತ್ತು ಸಾವಿರ ತಲೆಮಾರು ಆಳಲಿ ಎಂದು ಅವನ ಆಸೆ. ಆಳಿದ್ದು ಹದಿನೈದು ವರ್ಷ!

ಮುಂದೆ ಬಂದ ಹಾನ್ ವಂಶದ ಮೊದಲ ದೊರೆ ಲಿಯು ಪಾಂಗ್ ರೈತರ ಮನೆಯವನು. ಓದಿದವರನ್ನು ಕಂಡರೆ ಅವನಿಗೆ ತಾತ್ಸಾರ. ಲೂ ಚಿಯಾ ಎಂಬ ವಿದ್ವಾಂಸ ಅವನ ಮುಂದೆ ಮತ್ತೆ ಮತ್ತೆ ಗ್ರಂಥಗಳ ಮಾತು ತೆಗೆಯುತ್ತಿದ್ದ. ಕುದುರೆಯ ಬೆನ್ನ ಮೇಲೆ ಕೂತು ರಾಜ್ಯ ಗೆದ್ದವನಿಗೆ ಗ್ರಂಥ ಏಕೆ ಎಂದು ದೊರೆ ರೇಗಿದ. ಕುದುರೆಯ ಮೇಲೆ ಕೂತು ಗೆಲ್ಲಬಹುದು, ಆದರೆ ಅಲ್ಲೇ ಕೂತು ಆಳಲಾದೀತೇ ಎಂದು ಲೂ ಚಿಯಾ ಮರುಪ್ರಶ್ನೆ ಹಾಕಿದ. ದೊರೆಯ ಮುಖದಲ್ಲಿ ನಾಚಿಕೆ ಮೂಡಿತು. ಚಿನ್ ವಂಶ ಏಕೆ ಬಿತ್ತು ಎಂಬುದನ್ನು ಬರೆದುಕೊಡು ಎಂದ. ಕೇಳಿ ತಿದ್ದಿಕೊಂಡನಲ್ಲ, ಅದು ದೊರೆತನ.

ಅಲ್ಲಿಂದ ದಾರಿ ತೆರೆಯಿತು. ಹಾನ್ ವಂಶದ ವೂ ತಿ ಎಂಬ ಸಾಮ್ರಾಟ ಕ್ರಿ.ಪೂ. 124ರಲ್ಲಿ ರಾಜಧಾನಿಯಲ್ಲಿ ಒಂದು ಮಹಾಪಾಠಶಾಲೆ ತೆರೆದ. ಮೊದಲು ಐವತ್ತೇ ವಿದ್ಯಾರ್ಥಿಗಳು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಆ ಸಂಖ್ಯೆ ಮೂವತ್ತು ಸಾವಿರಕ್ಕೆ ಏರಿತು. ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುವವರು, ಕೈ ಶುದ್ಧವಿರುವವರು ಯಾರಿದ್ದಾರೆ ಎಂದು ಪ್ರಾಂತಗಳಿಂದ ಹೆಸರು ತರಿಸಿ ಅವರಿಗೆ ಹುದ್ದೆ ಕೊಡುವ ಪದ್ಧತಿ ಬಂತು. ಅಧಿಕಾರಿಯ ತಂದೆ ಅಥವಾ ತಾಯಿ ತೀರಿಕೊಂಡರೆ ಹುದ್ದೆ ಬಿಟ್ಟು ಊರಿಗೆ ಹೋಗಿ ಎರಡು ವರ್ಷಕ್ಕೂ ಮೇಲೆ ಶೋಕ ಆಚರಿಸಬೇಕೆಂಬ ನಿಯಮ ಮುಂದೆ ಬೇರೂರಿತು. ಮಗ ಎಂಬ ಹೆಸರು ಅಧಿಕಾರಿ ಎಂಬ ಹೆಸರಿಗಿಂತ ಮೊದಲಿನದು ಎಂಬುದೇ ಅದರ ತಿರುಳು. ಸಮಾಜದಲ್ಲಿಯೂ ಒಂದು ಎಣಿಕೆ ನಿಂತಿತು: ಮೊದಲು ಓದಿದವನು, ಆಮೇಲೆ ರೈತ, ಆಮೇಲೆ ಕುಶಲಕರ್ಮಿ, ಕೊನೆಗೆ ವ್ಯಾಪಾರಿ. ಅನ್ನ ಬೆಳೆಯುವವನಿಗೆ ಹಣ ಎಣಿಸುವವನಿಗಿಂತ ಮೇಲಿನ ಗೌರವ. ಆದರೆ ಗೌರವ ರೈತನಿಗಿದ್ದರೂ ಸುಖ ವ್ಯಾಪಾರಿಗೇ ಇತ್ತು ಎಂದು ಹಾನ್ ಕಾಲದವರೇ ಕೊರಗಿದ್ದಾರೆ.

ಇಲ್ಲಿ ಒಂದು ತೊಡಕೂ ಬಂತು. ತಂದೆ ಕುರಿ ಕದ್ದರೆ ಮಗ ಏನು ಮಾಡಬೇಕು? ಸಾಕ್ಷಿ ಹೇಳಬೇಕೆ? ಒಬ್ಬ ಅರಸ, ನಮ್ಮಲ್ಲಿ ಮಗ ಸಾಕ್ಷಿ ಹೇಳುತ್ತಾನೆ ಎಂದು ಹೆಮ್ಮೆಪಟ್ಟ. ತನ್ನ ಊರಿನ ಸತ್ಯವಂತರು ಬೇರೆ ಬಗೆಯವರು, ತಂದೆ ಮಗನನ್ನು ಮರೆಮಾಡುತ್ತಾನೆ, ಮಗ ತಂದೆಯನ್ನು ಮರೆಮಾಡುತ್ತಾನೆ ಎಂದ ಕನ್‌ಫ್ಯೂಷಿಯಸ್. ಕ್ರಿ.ಪೂ. 66ರಲ್ಲಿ ಹಾನ್ ಸಾಮ್ರಾಟ ಇದನ್ನು ಕಾನೂನಾಗಿಯೇ ಮಾಡಿದ. ಹೆತ್ತವರ ತಪ್ಪು ಮುಚ್ಚಿಟ್ಟ ಮಕ್ಕಳಿಗೆ ಶಿಕ್ಷೆ ಇಲ್ಲ ಎಂದ. ಮನೆಯ ಕರುಳು ಹರಿದರೆ ರಾಜ್ಯ ಉಳಿಯುವುದಿಲ್ಲ ಎಂಬ ವಿಚಾರ ಸರಿಯೇ. ಆದರೆ ಕುರಿ ಕಳೆದುಕೊಂಡ ಬಡವನ ಗತಿ? ಮನೆತನದ ಪ್ರೀತಿ ನ್ಯಾಯಕ್ಕೆ ಅಡ್ಡ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆ ಚೀನಾದಲ್ಲೂ ಮುಗಿಯಲಿಲ್ಲ, ನಮ್ಮ ಮನೆಗಳಲ್ಲೂ ಮುಗಿದಿಲ್ಲ.

ಈಗ ಹ್ಯುಯೆನ್ ತ್ಸಾಂಗನ ಕಾಲಕ್ಕೆ ಬರೋಣ. ಆಗ ಆಳುತ್ತಿದ್ದವನು ತಾಂಗ್ ವಂಶದ ತಾಯ್‌ತ್ಸುಂಗ್, ನಮ್ಮ ಪುಲಕೇಶಿಯ ಸಮಕಾಲೀನ. 626ರಲ್ಲಿ ಅಣ್ಣನನ್ನೂ ತಮ್ಮನನ್ನೂ ಕೊಂದು, ತಂದೆಯನ್ನು ಬದಿಗೆ ಸರಿಸಿ ಪಟ್ಟಕ್ಕೆ ಬಂದವನು. ತಮ್ಮ ಎಂಬ ಹೆಸರೂ ಹೋಯಿತು, ಮಗ ಎಂಬ ಹೆಸರೂ ಹೋಯಿತು. ಇಂಥವನೂ ಒಳ್ಳೆಯ ದೊರೆ ಎನಿಸಿಕೊಂಡ. ಹೇಗೆ? ಸತ್ತ ಅಣ್ಣನ ಸಲಹೆಗಾರನಾಗಿದ್ದ ವೇಯ್ ಚಂಗ್ ಎಂಬವನನ್ನು ಕೊಲ್ಲಿಸಲಿಲ್ಲ. ಬದಲಾಗಿ ತನ್ನ ತಪ್ಪುಗಳನ್ನು ಮುಖಕ್ಕೆ ಹೇಳುವ ಕೆಲಸಕ್ಕೆ ಇಟ್ಟುಕೊಂಡ. ವೇಯ್ ಚಂಗ್ ಇನ್ನೂರಕ್ಕೂ ಹೆಚ್ಚು ಸಲ ದೊರೆಯನ್ನು ಎಚ್ಚರಿಸಿದ. ಒಂದು ದಿನ ದೊರೆ ಸಿಟ್ಟಿನಿಂದ ಒಳಗೆ ಬಂದು, ಈ ಹಳ್ಳಿಗನನ್ನು ಕೊಲ್ಲಿಸದೆ ಬಿಡುವುದಿಲ್ಲ ಎಂದ. ರಾಣಿ ಒಂದು ಮಾತನ್ನೂ ಆಡದೆ ಒಳಗೆ ಹೋದಳು, ಹಬ್ಬದ ದರ್ಬಾರಿನ ಉಡುಪು ತೊಟ್ಟು ಬಂದು ನಿಂತಳು. ಇದೇನು ಎಂದು ದೊರೆ ಬೆರಗಾದ. ದೊರೆ ಒಳ್ಳೆಯವನಾಗಿದ್ದರೆ ಮಾತ್ರ ಮಂತ್ರಿ ನೇರವಾಗಿ ಮಾತಾಡಬಲ್ಲ, ಅದಕ್ಕೇ ನಿಮ್ಮನ್ನು ಅಭಿನಂದಿಸಲು ಬಂದೆ ಎಂದಳು. ಎಂಥ ಜಾಣ ತಾಯಿ! ಜಗಳವಾಡಲಿಲ್ಲ, ಉಪದೇಶ ಮಾಡಲಿಲ್ಲ. ಗಂಡನಿಗೆ ಅವನ ಹೆಸರನ್ನು ನೆನಪಿಸಿದಳು.

643ರಲ್ಲಿ ವೇಯ್ ಚಂಗ್ ತೀರಿಕೊಂಡಾಗ, ತನ್ನನ್ನು ತನಗೆ ತೋರಿಸುತ್ತಿದ್ದ ಕನ್ನಡಿ ಹೋಯಿತು ಎಂದು ದೊರೆ ದುಃಖಪಟ್ಟ. ತಾನೇ ಬರೆದು ಸಮಾಧಿಯ ಕಲ್ಲು ನಿಲ್ಲಿಸಿದ. ಮನುಷ್ಯನ ಮನಸ್ಸು ನೋಡಿ, ಕೆಲವೇ ತಿಂಗಳುಗಳಲ್ಲಿ ಚಾಡಿಮಾತು ಕೇಳಿ ಆ ಕಲ್ಲನ್ನು ಕೆಡವಿಸಿದ. ಆಮೇಲೆ ಕೊರಿಯಾದ ಮೇಲೆ ದಂಡೆತ್ತಿ ಹೋಗಿ ಸೋತು ಮರಳಿದ. ವೇಯ್ ಚಂಗ್ ಇದ್ದಿದ್ದರೆ ತಡೆಯುತ್ತಿದ್ದ ಎಂದು ಮರುಗಿ ಅದೇ ಕಲ್ಲನ್ನು ಮತ್ತೆ ನಿಲ್ಲಿಸಿದ. ಕನ್ನಡಿ ಒಡೆದರೆ ಮುಖದ ಮಸಿ ಹೋಗುವುದಿಲ್ಲ, ಕಾಣುವುದು ನಿಲ್ಲುತ್ತದೆ ಅಷ್ಟೆ.

ಇನ್ನು ಪರೀಕ್ಷೆಯ ಮಾತು. ಆರನೆಯ ಶತಮಾನದ ಕೊನೆಗೂ ಏಳನೆಯ ಶತಮಾನದ ಆದಿಗೂ ನಡುವೆ ಸೂಯಿ ವಂಶದವರು ಅಧಿಕಾರಿಗಳನ್ನು ಪರೀಕ್ಷೆಯಿಂದ ಆರಿಸತೊಡಗಿದರು. ತಾಂಗ್ ವಂಶ ಬೆಳೆಸಿತು, ಸುಂಗ್ ವಂಶ ಭದ್ರಪಡಿಸಿತು. ಉತ್ತರಪತ್ರಿಕೆಯ ಮೇಲಿನ ಹೆಸರು ಮುಚ್ಚುತ್ತಿದ್ದರು. ಕೈಬರಹ ಗುರುತು ಸಿಗಬಾರದೆಂದು ಗುಮಾಸ್ತರು ಇಡೀ ಉತ್ತರವನ್ನು ನಕಲು ಬರೆದು ಪರೀಕ್ಷಕನಿಗೆ ಕೊಡುತ್ತಿದ್ದರು. ಮಂತ್ರಿಯ ಮಗನೋ ರೈತನ ಮಗನೋ ತಿಳಿಯದು. ಕಂಪನಿ ಸರಕಾರ 1855ರಲ್ಲಿ ಲಂಡನ್ನಿನಲ್ಲಿ ಭಾರತದ ಹುದ್ದೆಗಳಿಗೆ ಸ್ಪರ್ಧಾ ಪರೀಕ್ಷೆ ನಡೆಸತೊಡಗಿತು. ಇಂಗ್ಲೆಂಡಿನಲ್ಲಿ ಇಂಥ ಪರೀಕ್ಷೆಗಳ ಚರ್ಚೆ ನಡೆದಾಗ ಚೀನಾದ ಮಾದರಿಯ ಮಾತೂ ಬಂದಿತ್ತು. ಇಂದು ನಮ್ಮ ಮಕ್ಕಳು ಬರೆಯುವ ಪರೀಕ್ಷೆಗೂ ಆ ನಾಡಿಗೂ ಹೀಗೊಂದು ಎಳೆಯಿದೆ.

ಆ ಪರೀಕ್ಷೆಯಿಂದ ಮೇಲೆ ಬಂದವರಲ್ಲಿ ಫಾನ್ ಚುಂಗ್‌ಯೆನ್ ಒಬ್ಬ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆ ತೀರಿದ. ಗುಡಿಯೊಂದರಲ್ಲಿ ಓದುತ್ತಿದ್ದ. ರಾತ್ರಿ ಒಂದು ಗಡಿಗೆ ಗಂಜಿ ಕಾಯಿಸಿಟ್ಟು, ಅದು ಆರಿ ಗಟ್ಟಿಯಾದ ಮೇಲೆ ನಾಲ್ಕು ಭಾಗ ಮಾಡಿ, ಬೆಳಿಗ್ಗೆ ಎರಡು, ಸಂಜೆ ಎರಡು ಉಣ್ಣುತ್ತಿದ್ದನಂತೆ. 1015ರಲ್ಲಿ ಪರೀಕ್ಷೆ ಗೆದ್ದ. ಮುಂದೆ ದೊಡ್ಡ ಮಂತ್ರಿಯಾದ. ನಾಡಿಗೆ ಕಷ್ಟ ಬರುವ ಮೊದಲೇ ಚಿಂತಿಸಬೇಕು, ನಾಡೆಲ್ಲ ಸುಖಪಟ್ಟ ಮೇಲೆ ತಾನು ಸುಖಪಡಬೇಕು ಎಂಬುದು ಅವನ ನಂಬಿಕೆ. ಕೈಗೆ ಹಣ ಬಂದಾಗ ಗಂಜಿಯ ಗಡಿಗೆಯನ್ನು ಮರೆಯಲಿಲ್ಲ. 1050ರ ಸುಮಾರಿಗೆ ಹೊಲ ಕೊಂಡು, ಅದರ ಉತ್ಪನ್ನದಿಂದ ತನ್ನ ಬಳಗದ ಬಡವರಿಗೆ ಕಾಳು, ಬಟ್ಟೆ, ಮದುವೆಗೂ ಮಣ್ಣಿಗೂ ನೆರವು ಸಿಗುವಂತೆ ದತ್ತಿ ಬಿಟ್ಟ. ಆ ದತ್ತಿ ಒಂಬತ್ತು ನೂರು ವರ್ಷಗಳಷ್ಟು ಕಾಲ ಬಾಳಿತು.

ಎಲ್ಲರೂ ಫಾನ್ ಚುಂಗ್‌ಯೆನ್ ಆಗಲಿಲ್ಲ. ಅದನ್ನೂ ಹೇಳಬೇಕು. ಪರೀಕ್ಷೆಗೆ ಹೋಗುವಾಗ ಕೆಲವರು ಒಳ ಅಂಗಿಯ ತುಂಬ ಇರುವೆಯಂಥ ಅಕ್ಷರಗಳಲ್ಲಿ ಗ್ರಂಥದ ಪಾಠ ಬರೆದುಕೊಂಡು ಹೋಗುತ್ತಿದ್ದರು. ಅಂಥ ಅಂಗಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಎಂಥ ವಿಚಿತ್ರ ನೋಡಿ! ಮೋಸ ಮಾಡಬೇಡ ಎಂಬ ಗುರುವಿನ ಮಾತನ್ನೇ ಮೈಗೆ ಸುತ್ತಿಕೊಂಡು ಮೋಸ ಮಾಡುತ್ತಿದ್ದರು. ಮಾತು ಮೈಮೇಲೆ ಇತ್ತು, ಮನಸ್ಸಿನಲ್ಲಿ ಇರಲಿಲ್ಲ. ನಾವು ನಗುತ್ತೇವೆ. ಒಳ್ಳೆಯ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡುವ ನಾವೆಲ್ಲರೂ, ಪೀಠದ ಮೇಲೆ ಕೂತವರೂ ಸೇರಿದಂತೆ, ಅಂಥದೊಂದು ಅಂಗಿ ತೊಟ್ಟಿಲ್ಲವೆ?

ಅಧಿಕಾರ ಕೂಡ ಗುರುವಿನ ಮಾತಿಗೆ ಕತ್ತರಿ ಹಾಕಿತು. ಮೆನ್ಷಿಯಸ್ ಎಂಬ ಮುಂದಿನ ಆಚಾರ್ಯ, ರಾಜ್ಯದಲ್ಲಿ ಪ್ರಜೆಯೇ ದೊಡ್ಡವನು, ದೊರೆ ಎಲ್ಲರಿಗಿಂತ ಹಗುರ ಎಂದು ಹೇಳಿದ್ದ. ಮಿಂಗ್ ವಂಶದ ಮೊದಲ ಸಾಮ್ರಾಟನಿಗೆ ಇದು ಸೇರಲಿಲ್ಲ. 1394ರಲ್ಲಿ ಆ ಗ್ರಂಥದಿಂದ 85 ಭಾಗಗಳನ್ನು ಕತ್ತರಿಸಿ ಹಾಕಿಸಿದ. ಮಗನಿಗೆ ವಿಧೇಯತೆ ಬೇಕು, ಪ್ರಜೆಗೆ ವಿಧೇಯತೆ ಬೇಕು ಎಂಬ ಅರ್ಧ ಮಾತ್ರ ಆಳುವವರಿಗೆ ಬೇಕಾಗಿತ್ತು. ದೊರೆ ಮೊದಲು ದೊರೆಯಾಗಬೇಕು ಎಂಬ ಉಳಿದರ್ಧ ಬೇಡವಾಗಿತ್ತು.

ತಾಯಂದಿರಿಗೆ ಆದ ಅನ್ಯಾಯವೂ ಸಣ್ಣದಲ್ಲ. ಆ ಪರೀಕ್ಷೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಲೇ ಇಲ್ಲ. ಹುಟ್ಟಿದ ಮನೆಯಲ್ಲಿ ತಂದೆಗೆ, ಮೆಟ್ಟಿದ ಮನೆಯಲ್ಲಿ ಗಂಡನಿಗೆ, ಗಂಡ ಹೋದ ಮೇಲೆ ಮಗನಿಗೆ ತಲೆಬಾಗಿರಬೇಕು ಎಂದು ಶಾಸ್ತ್ರ ಬರೆದರು. ಕ್ರಿ.ಶ. ಒಂದನೆಯ ಶತಮಾನದ ಪಾನ್ ಚಾವ್ ಎಂಬ ತಾಯಿ ಸತ್ತ ಅಣ್ಣ ಅರ್ಧಕ್ಕೆ ಬಿಟ್ಟ ಹಾನ್ ವಂಶದ ಇತಿಹಾಸವನ್ನು ಪೂರ್ತಿಗೊಳಿಸಿದ ಮಹಾ ವಿದುಷಿ. ಅವಳೂ ತನ್ನ ಪುಸ್ತಕದಲ್ಲಿ ಹೆಣ್ಣು ತಗ್ಗಿ ನಡೆಯಬೇಕೆಂದೇ ಬರೆದಳು. ಆದರೆ ಅದೇ ಪುಸ್ತಕದಲ್ಲಿ, ಗಂಡುಮಕ್ಕಳಿಗಷ್ಟೇ ಓದಿಸಿ ಹೆಣ್ಣುಮಕ್ಕಳನ್ನು ಬಿಡುವುದು ಸರಿಯೇ ಎಂದೂ ಕೇಳಿದಳು. ಮನುಷ್ಯಪ್ರೀತಿ ಎಂಬ ಹೆಸರಿಟ್ಟುಕೊಂಡು ಮನುಷ್ಯರಲ್ಲಿ ಅರ್ಧ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅಲ್ಲಿಯೂ ಹೆಸರು ಸುಳ್ಳಾಯಿತು.

1905ರಲ್ಲಿ ಆ ಪರೀಕ್ಷೆ ರದ್ದಾಯಿತು. 1912ರಲ್ಲಿ ಸಾಮ್ರಾಟರ ಆಳ್ವಿಕೆಯೂ ಮುಗಿಯಿತು. 1966ರ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಯುವಕರ ಗುಂಪು ಚೂಫುವಿಗೆ ನುಗ್ಗಿ ಕನ್‌ಫ್ಯೂಷಿಯಸನ ಗುಡಿಯನ್ನೂ ಸಮಾಧಿಯನ್ನೂ ಹಾಳುಗೆಡವಿತು. ಆಮೇಲೆ ಎಲ್ಲವನ್ನೂ ಮತ್ತೆ ಕಟ್ಟಿದರು. ಇಂದು ಜಗತ್ತಿನ ಜನ ಅಲ್ಲಿಗೆ ಯಾತ್ರೆ ಬರುತ್ತಾರೆ. ಗುಡಿ ಕಟ್ಟುವುದೂ ಸುಲಭ, ಕೆಡವುವುದೂ ಸುಲಭ. ಅವನು ಕೇಳಿದ ಪ್ರಶ್ನೆಯನ್ನು ಕೆಡವಲಾಗಲಿಲ್ಲ.

ಸದ್ಭಕ್ತರೆ, ನಿಮ್ಮ ಮಕ್ಕಳನ್ನು ಓದಿಸುತ್ತೀರಿ. ಹೊಲ ಅಡವಿಟ್ಟು ಓದಿಸುತ್ತೀರಿ. ಮಗ ಸಾಹೇಬನಾಗಲಿ ಎನ್ನುತ್ತೀರಿ. ಆಗಲಿ, ಸಂತೋಷ. ಆದರೆ ಸಾಹೇಬ ಎಂಬ ಹೆಸರು ಬಂದ ಮೇಲೆ ಅದರೊಳಗೆ ಏನು ತುಂಬುತ್ತಾನೆ? ಅವನ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಮುದುಕಿ, ಹುಲಿಯೇ ವಾಸಿಯಾಗಿತ್ತು ಎಂದುಕೊಂಡು ಹೋಗುತ್ತಾಳೋ, ಮಗನಂಥವನು ಸಿಕ್ಕ ಎಂದುಕೊಂಡು ಹೋಗುತ್ತಾಳೋ? ಇದನ್ನು ಪರೀಕ್ಷೆ ಕಲಿಸಲಾರದು. ಎರಡು ಸಾವಿರ ವರ್ಷ ಪ್ರಯತ್ನ ಮಾಡಿ ಚೀನಾ ನಮಗೆ ತಿಳಿಸಿಕೊಟ್ಟ ಸತ್ಯ ಇದು. ಅದನ್ನು ಕಲಿಸುವುದು ಮನೆ. ತಂದೆ ತಂದೆಯಾಗಿದ್ದರೆ ಮಗ ನೋಡಿ ಕಲಿಯುತ್ತಾನೆ.

ಕನ್‌ಫ್ಯೂಷಿಯಸನ ಶಿಷ್ಯನೊಬ್ಬ ದಿನವೂ ತನ್ನನ್ನು ತಾನೇ ಮೂರು ವಿಷಯದಲ್ಲಿ ವಿಚಾರಣೆ ಮಾಡಿಕೊಳ್ಳುತ್ತಿದ್ದ. ಇನ್ನೊಬ್ಬರ ಕೆಲಸವನ್ನು ಮನಸ್ಸಿಟ್ಟು ಮಾಡಿದೆನೇ, ಗೆಳೆಯರೊಡನೆ ನಂಬಿಕೆ ಉಳಿಸಿಕೊಂಡೆನೇ, ಕಲಿತದ್ದನ್ನು ನಡೆಯಲ್ಲಿ ತಂದೆನೇ ಎಂದು. ಅದಕ್ಕೆ ಖರ್ಚಿಲ್ಲ, ಪುಸ್ತಕ ಬೇಡ, ಹುದ್ದೆ ಬೇಡ. ಇಂದು ರಾತ್ರಿ ದೀಪ ಆರಿಸುವ ಮುನ್ನ ನಿಮಗೆ ಇರುವ ಹೆಸರುಗಳನ್ನು ಒಂದೊಂದಾಗಿ ನೆನೆದುಕೊಳ್ಳಿ. ತಂದೆ, ತಾಯಿ, ಗಂಡ, ಹೆಂಡತಿ, ಮಗ, ಸೊಸೆ, ನೆರೆಯವನು, ಮಾಲಿಕ, ಆಳು. ಒಂದೊಂದು ಹೆಸರಿನ ತೂಕ ಸರಿಯಿದೆಯೇ ಎಂದು ತೂಗಿ ನೋಡಿಕೊಳ್ಳಿ. ಮುಕ್ಕಾಲು ಸೇರು ಕಂಡರೆ ನಾಚಿಕೆ ಬೇಡ. ನಾಳೆಗೆ ಕಾಲು ಸೇರು ಕೂಡಿಸಿದರಾಯಿತು.